ಹೊಟ್ಟಿನ ಕರಾ

ಉಮದಿ ಬಸ್ ಸ್ಟ್ಯಾಂಡಿನ ಹಿಂದ, ಸೈಕಲ್ ಅಂಗಡಿಗೆ ಬೆನ್ನ ಕೊಟ್ಟ
ನನ್ನ ಪತ್ರಾಸಿನ ಖೋಲಿ.
ಚಪ್ಪಲಿ ಹೊಲಿತೀನಿ.
ಯಾರರೆ ಕೇಳಿದ್ರ ಕರಾನೂ ಹೊಲಿತೀನಿ.

ಇಲ್ಲೀತನಕ ಹನ್ನೊಂದು.
ಸತ್ತ ಕರದ ತೊಗಲ ಬಿಚ್ಚಿ, ಉಪ್ಪ ತಿಕ್ಕಿ, ನೆರಳಾಗ ಒಣಗಿಸಿ,
ಒಳಗ ಗೋದಿ ಹೊಟ್ಟು, ಕಾಲಿಗೆ ನಾಕು ಜಾಲಿ ಕೋಲು,
ದಬ್ಬಣ ಹಿಡದು ಹೊಟ್ಟಿ ಹೊಲಿಯೂದು.
ಕಣ್ಣ ಹಚ್ಚೂದಿಲ್ಲ.
ಎಮ್ಮಿ ಕಣ್ಣ ನೋಡೂದಿಲ್ಲ, ಮೂಸತೈತಿ.
ಇದನ್ನ ನಮ್ಮಪ್ಪ ಹೇಳಿಕೊಟ್ಟ.
ಅವಗ ಯಾರು ಹೇಳಿದ್ರು, ನಾ ಕೇಳಲಿಲ್ಲ.

ಮೊನ್ನಿ ಮಠದಾಗ ಪ್ರವಚನ.
ನಾ ಕಟ್ಟಿ ಕೆಳಗ, ಮಂದಿ ಬಿಟ್ಟ ಚಪ್ಪಲಿ ರಾಶಿ ಹಂತ್ಯಾಕ.
ಅಯ್ಯನವರಂದ್ರು:
“ದನ ಹಸದ್ರ ತಿಂತೈತಿ, ದಣದ್ರ ಮಲಗತೈತಿ.
ಯಾವ ದನ ಮ್ಯಾಲ ನೋಡಿ ಕೈ ಮುಗದೈತಿ ಹೇಳ್ರಿ?
ಮನುಷ್ಯಾನ ಎದ್ಯಾಗೊಂದು ಹಸಿವೈತಿ, ಅದು ಮೇವಿಗೆ ಇಂಗೂದಿಲ್ಲ.
ಆ ಹಸಿವು ಇಟ್ಟಾಂವ ಒಬ್ಬ ಇರಾಕಬೇಕು.”
ಮಂದಿ ತಲಿ ಹಾಕಿದ್ರು. ನಾನೂ ಹಾಕಿದೆ.
ಕಣ್ಣ ಮಾತ್ರ ಉಂಗುಷ್ಟ ಕಿತ್ತ ಒಂದು ಚಪ್ಪಲಿ ಮ್ಯಾಲಿತ್ತು.

ಬರೂವಾಗ ಖಂಡು ಮಾಸ್ತರ ಸೈಕಲ್ ದೂಡಕೋತ ಜೋಡಿ ಬಂದ್ರು.
ವಿಜ್ಞಾನ ಕಲಸೂದು ಮರಾಠಿಯೊಳಗ, ನಗೂದು ಕನ್ನಡದಾಗ.
“ಮಲಕಪ್ಪಾ, ಮಂಗ್ಯಾ ಸತ್ತ ಮರಿ ಅವಚಿಕೊಂಡು ದಿನಗಟ್ಟಲೆ ತಿರಗತೈತಿ.
ನಾಯಿ ಕದ್ದು ತಿಂದ್ರ ಮಾರಿ ಆ ಕಡೆ ತಿರುವತೈತಿ.
ನಮ್ಮ ದುಃಖ, ನಮ್ಮ ನಾಚಿಕಿ ಎಲ್ಲಾ ಅಲ್ಲೇ ಅದಾವು, ಜರಾ ಒರಟ.
ಇದರಾಗ ದೇವರಿಗೇನು ಕೆಲಸ?”
ಹೌದಲ್ಲ, ಅಂದೆ.
ಮನಿ ಮುಟ್ಟೂತನಕ ಇಬ್ಬರ ಮಾತೂ ಹಾಕ್ಕೊಂಡು ನೋಡಿದೆ.
ಎರಡೂ ಅಳತಿಗೆ ಬರೋಬ್ಬರಿ.
ಎರಡೂ ಎಡಗಾಲಿನವು.

ಮರುದಿನ ನಸಿಕಿನ್ಯಾಗ ಬಾಳವ್ವ ಕೋಳೇಕರ
ಚೀಲದಾಗ ಕರಾ ಕಟಗೊಂಡು ಬಂದ್ಳು.
ಇಪ್ಪತ್ತು ದಿನದ್ದು. ಎಮ್ಮಿ ಒದಿಯಾಕತ್ತೈತಿ,
ಡೇರಿಯಾಂವ ಎರಡು ಸರತೆ ಕೇಳ್ಯಾನ.

ಮೂರನೇ ದಿನಕ್ಕ ಹೊಲದು, ಹೆಗಲ ಮ್ಯಾಲ ಒಯ್ದು ನಿಲ್ಲಿಸಿದೆ.
ಎಮ್ಮಿ ಮೂಸಿತು. ಬಾಳೊತ್ತು ಮೂಸಿತು.
ಹೊಲಿಗಿ ಇದ್ದಲ್ಲೆ ಮೂಗು ನಿಂತಿತು.
ಅಲ್ಲಿ ಮೇಣದ ದಾರ, ಉಪ್ಪು, ನನ್ನ ಕೈ ಬೆವರು.
ಮುಖಾ ಎತ್ತಿ ನನ್ನ ನೋಡಿತು.
ಮೂವತ್ತು ವರ್ಷದಾಗ ಯಾವ ಎಮ್ಮಿನೂ
ನನ್ನ ಹಂಗ ನೋಡಿರಲಿಲ್ಲ.

ಆಮ್ಯಾಲ ತಲಿ ಬಗ್ಗಿಸಿ
ಹೊಟ್ಟಿನ ಬೆನ್ನ ನೆಕ್ಕಾಕತ್ತಿತು.
ತೊರಿ ಬಿಟ್ಟಿತು.
ಬಾಳವ್ವನ ಚರಗಿ ಚರ್ ಚರ್ ಅಂತು.

ಅದಕ ಗೊತ್ತಾಗಲಿಲ್ಲೋ,
ಗೊತ್ತಾಗೇ ನೆಕ್ಕಿತೋ.
ಕರಾ ಸುಳ್ಳು. ಹಾಲು ಸುಳ್ಳಲ್ಲ,
ಫ್ಯಾಟ್ ಆರೂವರಿ ಬಂತಂತ.

ಮಾಸ್ತರಿಗೆ ಹೇಳಿದ್ರ ವಾಸನಿ, ನರ, ಹಾರ್ಮೋನು ಅಂತಾರ.
ಖರೆ ಇದ್ದೀತು.
ಅಯ್ಯನವರಿಗೆ ಹೇಳಾಕ ಕಟ್ಟಿ ಹತ್ತಬೇಕು.

ಆ ರಾತ್ರಿ ಜಗಲಿ ಮ್ಯಾಲಿನ ಎಲ್ಲಮ್ಮನ ಬೆಳ್ಳಿ ಮುಖಾ
ಕೈಯಾಗ ತಗೊಂಡು ತಿರುವಿ ನೋಡಿದೆ.
ನಮ್ಮಜ್ಜಿ ಸೋಲಾಪುರದ ಪತ್ತಾರನ ಕಡೆ ಮಾಡಿಸಿದ್ದು.
ಹಿಂದ ಅರಗು ತುಂಬ್ಯಾನ.
ಅಂಚಿನಾಗ ಬೆಸುಗಿ ಗೆರಿ ಚಂದಗೆ ಕಾಣತಿತ್ತು,
ಹೊಲಿಯೂ ಕೈಗೆ ಅಂಥಾವು ಮುಚ್ಚಿಡಾಕ ಬರೂದಿಲ್ಲ.
ಮೂಗಿನ ಹಂತ್ಯಾಕ ತಂದೆ.
ಭಂಡಾರ, ಎಣ್ಣಿ, ತೀರಿಹ್ವಾದ ಹೆಂಡತಿಯ ಕೈ.

ಎದಿ ತೊರಿ ಬಿಟ್ಟಿತು.

ಆವಾಗ ಎಮ್ಮಿ ನೋಡಿಧಂಗ
ನಾನೂ ಮುಖಾ ಎತ್ತಿ ನೋಡಿದೆ, ಯಾರಿದಾರ ಅಂತ.
ಅದಕ ನಾ ಇದ್ದೆ.
ನನಗ ಪತ್ರಾಸು, ಪತ್ರಾಸಿನಾಗ ಒಂದು ಮೊಳಿ ತೂತು,
ತೂತಿನಾಗಿಂದ ಆರಿ ಮೊನಿಯಷ್ಟು ಬೆಳಕು.

ಬಸ್ ಸ್ಟ್ಯಾಂಡಿನ ದೀಪದ್ದಿರಬೇಕು.
ತಲಿ ಬಗ್ಗಿಸಿದೆ.